ಮಡಿಲಕ್ಕಿಯಲ್ಲಿ ಹೋದ ಸೀಸೆ

ಕೆಲವು ತಿಂಗಳ ಹಿಂದೆ ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಹಸಿ ಬಟಾಣಿಯ ಪೊಟ್ಟಣದ ಪಕ್ಕ, ಮನುಷ್ಯರ ಪ್ರೋಟೀನು ತುಂಬಿದ ಒಂದು ಸೀಸೆ ಇತ್ತು. ಹೀಗೆ ಹೇಳಿದರೆ ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಗಾಬರಿ ಬೀಳುವಂಥದ್ದೇನೂ ಇಲ್ಲ. ಮನುಷ್ಯನ ಒಂದು ಜೀನನ್ನು ಬ್ಯಾಕ್ಟೀರಿಯಾದ ಒಳಕ್ಕೆ ಸೇರಿಸಿ, ಅದರಿಂದ ನಮ್ಮ ಪ್ರೋಟೀನನ್ನು ಮಾಡಿಸಿಕೊಂಡು, ಸೋಸಿ, ಒಣಗಿಸಿ, ಕಿರುಬೆರಳಿನಷ್ಟು ಸೀಸೆಗಳಲ್ಲಿ ಮಾರುವ ಕಂಪನಿಗಳಿವೆ. ಸೀಸೆಯ ತಳದಲ್ಲಿ ತೆಳ್ಳಗೆ ಬಿಳಿಯ ಪೊರೆಯೊಂದು ಅಂಟಿಕೊಂಡಿರುತ್ತದೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ. ಮೇಲಿನ ಚೀಟಿಯಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ಪಿಎಚ್‌ಡಿಗೆ ಸೇರಿದೆ. ಗೈಡು ಇರುವುದು ಮೈಸೂರಿನಲ್ಲಿ, ಪ್ರಯೋಗವೂ ಅಲ್ಲೇ. ಸೀಸೆ ಮಾತ್ರ ನನ್ನ ಹೆಸರಿಗೆ ಬರಬೇಕಾಗಿದ್ದರಿಂದ ನಮ್ಮ ಕಾಲೇಜಿಗೆ ಬಂತು. ಬಂದ ಹೊತ್ತಿಗೆ ಸರಿಯಾಗಿ ನಮ್ಮ ಲ್ಯಾಬಿನ ಫ್ರಿಜ್ಜು ಕೆಟ್ಟು ನಿಂತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಟೆಂಡರ್ ನನ್ನ ಮುಖದ ಮೇಲೆಯೇ ನಕ್ಕ. ಮೈಸೂರಿನಲ್ಲಿ ನನ್ನ ಸರದಿ ಬರುವತನಕ ಮನೆಯಲ್ಲೇ ಇಟ್ಟುಕೊಳ್ಳೋಣವೆಂದು ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ಜೊತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಹೊನ್ನವಳ್ಳಿಯ ಬಸ್ಸು ಹತ್ತಿದೆ.

ಮನೆಯಲ್ಲಿ ನಾವು ಮೂವರು. ತೋಟ ನೋಡಿಕೊಳ್ಳುವ ಗಂಡ, ಮನೆ ನೋಡಿಕೊಳ್ಳುವ ಅತ್ತೆ, ಎರಡನ್ನೂ ನೋಡಿಕೊಳ್ಳದ ನಾನು. ನನ್ನ ನಾದಿನಿಯನ್ನು ಮಾಯಸಂದ್ರದ ಕಡೆ ಕೊಟ್ಟಿದೆ. ಅವಳಿಗೆ ಒಬ್ಬಳೇ ಮಗಳು, ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಹುಟ್ಟಿದಾಗಿನಿಂದ ಬಿಳಿಚಿಕೊಂಡೇ ಇತ್ತು. ಮೈಯಲ್ಲಿ ಕೆಂಪು ರಕ್ತ ಹುಟ್ಟುವುದೇ ಇಲ್ಲ, ತಿಂಗಳಿಗೊಮ್ಮೆ ತುಮಕೂರಿಗೆ ಹೋಗಿ ಯಾರದೋ ರಕ್ತ ಹಾಕಿಸಿಕೊಂಡು ಬರಬೇಕು. ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಜೀನಿನ ಪರೀಕ್ಷೆ ಮಾಡಿಸಿದರು. ಅದರ ರಿಪೋರ್ಟನ್ನು ನಾದಿನಿ ನನಗೆ ತಂದು ತೋರಿಸಿದಳು. ಓದಿದೆ. ಮೈಯ ಕಣಗಳೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮು, ಅದರದೇ ಪ್ರೋಟೀನುಗಳಲ್ಲಿ ಒಂದು ಸಾಕಷ್ಟು ತಯಾರಾಗುತ್ತಿಲ್ಲ ಎಂದಿತ್ತು. ನಾನು ಪಿಎಚ್‌ಡಿಗೆ ಹಿಡಿದುಕೊಂಡಿದ್ದ ಪ್ರೋಟೀನು ಅದೇ.

ಆ ಗಳಿಗೆಯಲ್ಲಿ ನನಗೆ ಆಗಬೇಕಾಗಿದ್ದದ್ದು ಸಂಕಟ. ಆದದ್ದು ಹುರುಪು. ಪುಸ್ತಕದಲ್ಲಿದ್ದ ವಿಷಯ ನಡೆದುಕೊಂಡು ನಮ್ಮ ಮನೆ ಬಾಗಿಲಿಗೇ ಬಂತಲ್ಲ ಎಂದು ಒಳಗೊಳಗೇ ಉಬ್ಬಿದೆ. ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆ ಹುರುಪಿನಲ್ಲೇ ಅಂಗಳದಲ್ಲಿ ಕೂತಿದ್ದವರಿಗೆಲ್ಲ ಪಾಠ ಮಾಡಿದೆ. ಅತ್ತೆ ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ಆರಿಸುತ್ತಿದ್ದರು. ಪಕ್ಕದ ನಾರಿನ ಮಿಲ್ಲಿನ ಸದ್ದು ಬರುತ್ತಿತ್ತು. "ನಮ್ಮ ಮೈಯ ಒಂದೊಂದು ಕಣದಲ್ಲೂ ಇಂಥ ಮಿಲ್ಲುಗಳಿರ್ತವೆ. ಮಿಲ್ಲಿಗೆ ಬೇಕಾದಷ್ಟು ಬಿಡಿಭಾಗ. ಮಗೂಗೆ ಅದ್ರಲ್ಲಿ ಒಂದೇ ಒಂದು ಬೇರಿಂಗ್ ಕಮ್ಮಿ. ಅಷ್ಟಕ್ಕೇ ರಕ್ತ ಮಾಡೋ ಕೆಲ್ಸ ನಿಂತೋಗೈತೆ," ಎಂದೆ. ಅತ್ತೆ ಕೈಯಲ್ಲಿದ್ದ ಕೊಬ್ಬರಿಯನ್ನು ಹಾಗೇ ಹಿಡಿದುಕೊಂಡು ಕೇಳಿದರು. ಕಾಲೇಜಿನಲ್ಲಿ ಇಷ್ಟು ಗಮನವಿಟ್ಟು ಕೇಳುವ ವಿದ್ಯಾರ್ಥಿ ನನಗೆ ಈವರೆಗೆ ಸಿಕ್ಕಿಲ್ಲ.

ಸೀಸೆ ಮನೆಗೆ ಬಂದ ದಿನ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. "ಮಗೂಗೆ ಕಮ್ಮಿ ಆಗಿರೋದು ಇದೇ ನೋಡಿ, ಈ ಸೀಸೇಲಿರೋದು," ಎಂದು ಗಂಡನಿಗೆ ಹೇಳಿದೆ.

"ಹಂಗಾರೆ ಕೊಟ್ರೆ ಆಗಲ್ವಾ?" ಎಂದರು ಅವರು.

"ಅದು ಹಂಗೆಲ್ಲ ಕೊಡೋದಲ್ಲ," ಎಂದು ನಾನು ಮುದ್ದೆ ಮುರಿದೆ. ಯಾಕೆ ಕೊಡುವುದಲ್ಲ ಎಂದು ಬಿಡಿಸಿ ಹೇಳಲು ಎರಡು ಮಾತು ಸಾಕಿತ್ತು. ದಿನವೆಲ್ಲ ಪಾಠ ಮಾಡಿ ಸುಸ್ತಾಗಿತ್ತು, ಹೇಳಲಿಲ್ಲ. ಅತ್ತೆ ಪಕ್ಕದಲ್ಲೇ ಸಾರು ಬಡಿಸುತ್ತಿದ್ದರು.

ಆಮೇಲೆ ನಾದಿನಿ ಮಗುವನ್ನು ಕರೆದುಕೊಂಡು ತವರಿಗೆ ಬಂದಳು. ಒಂದಷ್ಟು ದಿನ ಇದ್ದು ಹೊರಟ ದಿನ ನನಗೆ ಪರೀಕ್ಷೆಯ ಡ್ಯೂಟಿ, ಮನೆಯಲ್ಲಿರಲಿಲ್ಲ. ಸಂಜೆ ಬಂದು, ಮೈಸೂರಿಗೆ ಒಯ್ಯುವುದು ಹತ್ತಿರ ಬಂತಲ್ಲ ಎಂದು ಫ್ರಿಜ್ಜು ತೆಗೆದು ನೋಡಿದರೆ ಬಟಾಣಿ ಇದೆ, ಸೀಸೆ ಇಲ್ಲ.

"ಅತ್ತೆ, ಇಲ್ಲಿ ಒಂದು ಸಣ್ಣ ಸೀಸೆ ಇತ್ತಲ್ಲ?"

"ಅದಾ? ಮಗಳ ಮಡ್ಲಿಗೆ ಇಕ್ಕಿ ಕಳಿಸ್ದೆ ಕಣಮ್ಮ," ಎಂದರು ಅತ್ತೆ, ಹಸುವಿಗೆ ಹಾಕುವ ಕಲಗಚ್ಚು ಕಲಸುತ್ತಾ.

ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಟಾಗ ಬರಿಮಡಿಲಲ್ಲಿ ಕಳಿಸುವುದಿಲ್ಲ. ಸೆರಗೊಡ್ಡಿಸಿ ಅಕ್ಕಿ, ಬೆಲ್ಲ, ಎಲೆಅಡಿಕೆ, ಎರಡು ಹೋಳು ಮಾಡಿದ ಕೊಬ್ಬರಿ ಗಿಟುಕು ಹಾಕಿ ಕಳಿಸಬೇಕು. ಅವಳು ಅದನ್ನು ದಾರಿಯಲ್ಲಿ ಬಿಚ್ಚದೆ ಗಂಡನ ಮನೆಯ ದೇವರ ಮುಂದೆ ಇಡಬೇಕು. ಮಡಿಲಿಗೆ ಬಿದ್ದದ್ದು ಅವಳದು, ಚಿನ್ನವೇ ಬಿದ್ದಿದ್ದರೂ ವಾಪಸ್ ಕೇಳುವ ಹಾಗಿಲ್ಲ. ಗಿಟುಕಿನ ಒಳಗೆ ಸೀಸೆಯನ್ನಿಟ್ಟು, ಮೇಲೆ ಇನ್ನೊಂದು ಗಿಟುಕು ಮುಚ್ಚಿ, ಅಲುಗಾಡದ ಹಾಗೆ ಅಕ್ಕಿಯ ನಡುವೆ ಕೂರಿಸಿ ಕಳಿಸಿದ್ದರು ನಮ್ಮತ್ತೆ.

"ಯಾಕತ್ತೆ ಹಿಂಗ್ ಮಾಡಿದ್ರಿ?" ಎಂದೆ.

"ಬೇರಿಂಗ್ ಮನೇಲೇ ಮಡಿಕ್ಕಂಡು ಮಿಲ್ ನಿಂತೈತೆ ಅಂತ ಅಳೋರು ಎಲ್ಲಾದ್ರೂ ಅವ್ರಾ? ನಿಂಗೇನೋ ಕೆಲ್ಸದ ಕಟ್ಟುಪಾಡು ಇರ್ತದೆ, ಕೈಯೆತ್ತಿ ಕೊಡಾಕಾಗಕಿಲ್ಲ. ನಂಗೇನ್ ಕಟ್ಟುಪಾಡು? ಮಡ್ಲಿಗೆ ಇಕ್ಬುಟ್ರೆ ಯಾವ ಸಾಹೇಬ್ನೂ ಕೇಳಂಗಿಲ್ಲ. ನಿನ್ ಮೇಲೂ ಮಾತು ಬರಾಕಿಲ್ಲ."

ನನ್ನನ್ನೂ ಕಾಪಾಡಿದ್ದರು. ಇಷ್ಟು ಅಂತಃಕರಣದಿಂದ ಕದ್ದವರನ್ನು ನಾನು ಬೈಯುವುದು ಹೇಗೆ?

ಆದರೆ ಆಗ ನನಗೆ ಮೊದಲು ನೆನಪಾದದ್ದು ಗೈಡಿನ ಮುಖ. ಮುಂದಿನ ವಾರದ ಪ್ರಯೋಗ ಹಾಳಾಯಿತು, ಇನ್ನೊಂದು ಸೀಸೆ ತರಿಸಲು ಮತ್ತೆ ಯಾರ ಕಾಲು ಹಿಡಿಯಲಿ ಎಂದುಕೊಂಡೆ. ಮಗು ನೆನಪಾದದ್ದು ಅದರ ನಂತರ. ನಮ್ಮ ಜನಕ್ಕೆ ಔಷಧಿಯೆಂದರೆ ಸೂಜಿ. ಊರಲ್ಲಿ ಯಾವನಾದರೂ ಸೂಜಿ ಹಾಕುವವನ ಹತ್ತಿರ ಹೋಗಿ ಚುಚ್ಚಿಸಿಬಿಟ್ಟರೆ? ಅದು ಬ್ಯಾಕ್ಟೀರಿಯಾದಲ್ಲಿ ಮಾಡಿದ ಪುಡಿ. ಆ ಬ್ಯಾಕ್ಟೀರಿಯಾದ ಕಸರು ರಕ್ತಕ್ಕೆ ಸೇರಿದರೆ ಗಟ್ಟಿಮುಟ್ಟಾದವರೇ ಜ್ವರ ಬಂದು ಮಲಗುತ್ತಾರೆ, ಆ ಕೂಸು ತಡೆಯುವುದೇ?

ಕೂಡಲೇ ಫೋನು ಮಾಡಿದೆ. ನಾದಿನಿ ಎತ್ತಿದಳು.

"ಸೀಸೆ ಎಲ್ಲೈತೆ?"

"ದೇವ್ರ ಮುಂದೆ ಮಡಗಿದೀನಿ ಅತ್ತಿಗೆ, ಮಡ್ಲಕ್ಕಿ ಜೊತೇಲಿ."

"ಮೊದ್ಲು ಫ್ರಿಜ್ಜಿಗೆ ಇಡು, ಮೇಲ್ಗಡೆ ಐಸ್ ಕಟ್ತದಲ್ಲ, ಅಲ್ಲಿ. ಹಾಳಾಗೋಯ್ತದೆ."

ನನ್ನ ಬಾಯಿಂದ ಬಂದ ಮೊದಲ ಮಾತು ಇದು. ಆಮೇಲೆ, ಸೂಜಿಗೀಜಿ ಹಾಕಿಸಬೇಡ, ಯಾರ ಕೈಗೂ ಕೊಡಬೇಡ, ಬೆಳಿಗ್ಗೆ ಬರುತ್ತೇನೆ ಎಂದೆ. "ಆಗ್ಲಿ ಅತ್ತಿಗೆ, ನೀವು ಹೇಳ್ದಂಗೇ ಮಾಡ್ತೀನಿ," ಎಂದಳು. ಅಷ್ಟು ಹಗುರಾದ ದನಿಯನ್ನು ಅವಳ ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

ಅದು ಔಷಧಿಯೇ ಅಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಎದುರಿಗೆ ಕೂತು ಸಮಾಧಾನವಾಗಿ ಹೇಳೋಣ ಎಂದುಕೊಂಡೆ ಎಂದು ಗಂಡನಿಗೆ ಸಬೂಬು ಕೊಟ್ಟೆ. ನಿಜ ಬೇರೆ. ಔಷಧಿಯಲ್ಲ ಎಂದರೆ ಎಲ್ಲಿ ತಿಪ್ಪೆಗೆ ಎಸೆದುಬಿಡುತ್ತಾಳೋ ಎಂಬ ಹೆದರಿಕೆ. ಅವಳಿಗೆ ಅದು ಔಷಧಿಯಾಗಿ ಉಳಿದಿದ್ದರೆ ನನಗೆ ನನ್ನ ಸೀಸೆ ಉಳಿಯುತ್ತದೆ ಎಂಬ ಲೆಕ್ಕಾಚಾರ. ಛೀ.

ಬೆಳಿಗ್ಗೆ ತಿಪಟೂರು, ತುರುವೇಕೆರೆ ಎಂದು ಬಸ್ಸು ಬದಲಿಸಿ ಮಾಯಸಂದ್ರ ಮುಟ್ಟಿ, ಅಲ್ಲಿಂದ ಆಟೋ ಹಿಡಿದು ಹೋದೆ. ಮನೆಯ ಮುಂದೆ ಸಾರಿಸಿ ರಂಗೋಲಿ ಬಿಟ್ಟಿತ್ತು. ಹಬ್ಬವೇನೂ ಇರಲಿಲ್ಲ. ಮಗುವಿಗೆ ತಲೆಗೆ ನೀರು ಹಾಕಿ, ಹೊಸ ಲಂಗ ಉಡಿಸಿ ಅಜ್ಜಿಯ ಪಕ್ಕ ಕೂರಿಸಿದ್ದರು. ಆ ಅಜ್ಜಿ ನಾದಿನಿಯ ಅತ್ತೆ, ನನ್ನನ್ನು ಕಂಡು ಎದ್ದು ನಿಂತರು. ವಯಸ್ಸಾದ ಹೆಂಗಸು ನನಗೆ ಏಳುವುದು ಅದೇ ಮೊದಲು.

ದೇವರ ಮುಂದೆ ಸೀಸೆ ಇತ್ತು. ತೊಳೆದು, ಅರಿಸಿನ ಕುಂಕುಮ ಹಚ್ಚಿ, ಬೋರಲು ಹಾಕಿದ್ದರು.

"ಬೆಳಿಗ್ಗೇನೇ ಕುಡಿಸ್ದೆ ಅತ್ತಿಗೆ, ಖಾಲಿ ಹೊಟ್ಟೇಲಿ," ಎಂದಳು ನಾದಿನಿ. "ಸೂಜಿ ಬ್ಯಾಡ ಅಂದ್ರಲ್ಲ, ಹಂಗಾರೆ ಕುಡಿಸೋದು ಅಂತ ಗೊತ್ತಾಯ್ತು. ಕೆಂದೆಳನೀರು ಕೆಡವ್ಸಿ, ಅದ್ರಲ್ಲೇ ಸೀಸೆ ತೊಳ್ದು ತೊಳ್ದು ಕುಡಿಸ್ದೆ. ಒಂದ್ ಚೂರೂ ಚೆಲ್ಲಿಲ್ಲ."

ಮಗುವನ್ನು ಹತ್ತಿರ ಕರೆದು ಹಣೆ ಮುಟ್ಟಿದೆ, ಹೊಟ್ಟೆ ಮುಟ್ಟಿದೆ. ಏನೂ ಆಗಿರಲಿಲ್ಲ, ಆಗುವಂಥದ್ದೂ ಅಲ್ಲ. ಹೊಟ್ಟೆಗೆ ಹೋದ ಪ್ರೋಟೀನು ಬೇಳೆಯ ಹಾಗೆ ಅರಗಿಹೋಗುತ್ತದೆ. ಜೀವ ಬಂದಂತಾಯಿತು. ಅದರ ಹಿಂದೆಯೇ ಆ ಬೋರಲು ಸೀಸೆ ಮತ್ತೆ ಕಣ್ಣಿಗೆ ಬಿತ್ತು. ಎಷ್ಟು ದಿನ ಕಾದು ತರಿಸಿದ್ದು, ಎಳನೀರಿನಲ್ಲಿ ಹೋಯಿತಲ್ಲ ಎಂದು ಕಣ್ಣಲ್ಲಿ ನೀರು ತುಂಬಿತು. ಆ ನೀರು ಯಾತಕ್ಕೆ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾದಿನಿಯ ಅತ್ತೆ ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಅಳಬ್ಯಾಡ ಕಣವ್ವ. ನಿನ್ ಹೊಟ್ಟೇಲಿ ಹುಟ್ದೋಳಂಗೆ ನೋಡ್ಕಂಡೆ ನೀನು," ಎಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸಾಕಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅದು ಔಷಧಿ ಅಲ್ಲ ಕಣಮ್ಮ. ಪರೀಕ್ಷೆ ಮಾಡೋಕೆ ಇಟ್ಕೊಳ್ಳೋ ಪುಡಿ. ಆ ಪ್ರೋಟೀನು ಒಂದೊಂದು ಕಣದೊಳಗೂ ತಾನೇ ಹುಟ್ಬೇಕು. ಹೊರಗಿಂದ ಕುಡಿಸಿದ್ರೆ ಅಲ್ಲಿಗೆ ಹೋಗಲ್ಲ. ತಿಂದ ಮೊಟ್ಟೆ ಥರ ಅರಗೋಯ್ತದೆ, ಅಷ್ಟೇ."

"ಮೊಟ್ಟೇನೂ ಮೈಗ್ ಹತ್ತುತ್ತಲ್ಲ ಅತ್ತಿಗೆ," ಎಂದಳು.

"ಹಂಗಲ್ಲ ಕಣೇ, ನಿಜವಾಗ್ಲೂ ಔಷಧಿ ಅಲ್ಲ."

ನಾದಿನಿ ನನ್ನ ಕೈ ಹಿಡಿದುಕೊಂಡಳು. ದನಿ ತಗ್ಗಿಸಿದಳು. "ಔಷಧಿ ಅಲ್ದಿದ್ರೆ ಫ್ರಿಜ್ಜಲ್ಲಿಡು ಅಂತ ಯಾಕಂದ್ರಿ? ಬೆಳಕಾಗ್ತಿದ್ದಂಗೆ ಬಸ್ಸಿಡ್ಕಂಡು ಯಾಕೋಡ್ಬಂದ್ರಿ? ನಿಮ್ ಕೆಲ್ಸುಕ್ಕೆ ತೊಂದ್ರೆ ಆಗ್ತದೆ ಅಂತ ತಾನೇ? ಯಾರ್ಗೂ ಹೇಳಲ್ಲ ಬುಡಿ ಅತ್ತಿಗೆ. ನಮ್ ಯಜಮಾನ್ರಿಗೂ ಹೇಳಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆಯ ಫೋನಿನಲ್ಲಿ ನಾನು ಆಡಿದ್ದೆಲ್ಲ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಅಷ್ಟರಲ್ಲಿ ಅವಳೇ ಮುಂದುವರಿಸಿದಳು. "ಸೋಮವಾರ ರಕ್ತಕ್ಕೆ ಹೋಗ್ಬೇಕಿತ್ತು. ಈ ಸಲ ಹೋಗಲ್ಲ ಅತ್ತಿಗೆ. ನರ ಸಿಕ್ಕಲ್ಲ ಅಂತ ಎಲ್ಲೆಲ್ಲೋ ಚುಚ್ತಾರೆ, ನಾನೇ ಕೈಕಾಲ್ ಅದುಮಿ ಇಡ್ಕೋಬೇಕು. ಅದು ನನ್ ಮುಖಾನೇ ನೋಡ್ತಾ ಅಳ್ತದೆ. ಒಂದ್ ತಿಂಗ್ಳು ನೋಡಣ, ಈ ಔಷಧೀಲೇ ರಕ್ತ ಹುಟ್ತದಲ್ಲ."

ಒಂದು ತಿಂಗಳು ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ರಕ್ತ ಸಿಕ್ಕದೆ ತಡವಾದಾಗ ಆ ಮಗು ಅಂಗಳ ದಾಟಲಾರದೆ ಏದುಸಿರು ಬಿಡುತ್ತಾ ಹೊಸ್ತಿಲ ಮೇಲೆ ಕೂತಿತ್ತು. ಮತ್ತೆ ಹೇಳಿದೆ, ಬೇಡಿಕೊಂಡೆ, ಗದರಿದೆ. ಅತ್ತೆ ಸೊಸೆ ಇಬ್ಬರೂ ತಲೆಯಾಡಿಸುತ್ತಾ ಕೇಳಿದರು. ದೊಡ್ಡವರು ಹೇಳುವಾಗ ಅಡ್ಡ ಮಾತಾಡಬಾರದೆಂದು ಸುಮ್ಮನಿದ್ದ ಹಾಗಿತ್ತು. ಮನಸ್ಸಿಗೆ ಒಂದೂ ಇಳಿಯಲಿಲ್ಲ. ಡಾಕ್ಟರಿಗೆ ಫೋನು ಮಾಡಿಸೋಣವೆಂದರೆ, ಇದನ್ನು ಅವರಿಗೆ ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ ಎಂದು ನಾದಿನಿ ನನ್ನ ಫೋನನ್ನೇ ಕಿತ್ತು ಪಕ್ಕಕ್ಕಿಟ್ಟಳು.

ಕೊನೆಗೆ ಸುಳ್ಳು ಹೇಳಿದೆ.

"ನೋಡು, ಅದು ರಕ್ತದ ಜೊತೇಲೇ ಕೆಲ್ಸ ಮಾಡೋದು. ಹೊಸ ರಕ್ತ ಬಿದ್ರೇನೇ ಅದು ಏಳೋದು. ಒಂದು ಸಲ ತಪ್ಪಿಸಿದ್ರೂ ಕುಡಿಸಿದ್ದೆಲ್ಲ ದಂಡ."

"ಮೊದ್ಲೇ ಹೇಳ್ಬಾರ್ದಾ ಅತ್ತಿಗೆ," ಎಂದಳು. ಅಷ್ಟೇ. ಸೋಮವಾರ ಹೋಗುವುದೆಂದು ಆ ಕ್ಷಣವೇ ತೀರ್ಮಾನವಾಯಿತು. ಇಡೀ ಬೆಳಿಗ್ಗೆ ನಿಜ ಹೇಳಿ ಆಗದ ಕೆಲಸ ಉಸಿರೆಳೆಯುವಷ್ಟರಲ್ಲಿ ಸುಳ್ಳಿನಿಂದ ಆಯಿತು. ಹೊರಡುವಾಗ ಬೇಡ ಬೇಡವೆಂದರೂ ನನಗೂ ಮಡಿಲು ತುಂಬಿದರು.

ಗೈಡಿಗೆ, ಕರೆಂಟು ಹೋಗಿ ಸೀಸೆ ಹಾಳಾಯಿತು ಎಂದೆ. ನಿಮ್ಮ ಕಡೆ ಇದೇ ಗೋಳು ಎಂದು ನಂಬಿದರು. ಗಂಡನಿಗೆ ಮಾತ್ರ ಎಲ್ಲ ಹೇಳಿದೆ. "ಮಗು ರಕ್ತ ಹಾಕಿಸ್ಕಂತಾ ಐತಲ್ಲ, ಬುಡು ಅತ್ಲಾಗೆ," ಎಂದರು. ಅವರಿಗೆ ಬಿಡುವುದು ಸುಲಭ, ಹೊಗಳಿಸಿಕೊಳ್ಳುವವಳು ನಾನು. ಮಗುವಿನ ಕೆನ್ನೆಗೆ ಬಣ್ಣ ಬಂದಿದೆ ಎಂದು ಅತ್ತೆ ಹೇಳಿಕೊಂಡು ತಿರುಗಿದರು. ಹೊಸ ರಕ್ತ ಹಾಕಿಸಿದ ವಾರ ಬಣ್ಣ ಯಾವಾಗಲೂ ಬರುತ್ತಿತ್ತು. ಈಗ ಅದು ನನ್ನ ಲೆಕ್ಕಕ್ಕೆ ಸೇರಿತು. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಬಸ್‌ ಸ್ಟಾಪಿನಲ್ಲಿ ನನ್ನನ್ನು ತಡೆದು, "ಮೇಡಮ್ಮೋರೆ, ನಮ್ಗೂ ಒಂದ್ ಸೀಸೆ ನೋಡಿ ಮತ್ತೆ," ಎಂದು ಕಣ್ಣು ಮಿಟುಕಿಸಿದರು. ಯಾರಿಗೂ ಹೇಳುವುದಿಲ್ಲವೆಂದ ಗುಟ್ಟು ಆಗಲೇ ಹೊನ್ನವಳ್ಳಿಯೆಲ್ಲ ಸುತ್ತಿತ್ತು. ನಾದಿನಿ ತಿಂಗಳು ತಪ್ಪದೆ ತುಮಕೂರಿಗೆ ಹೋಗುತ್ತಾಳೆ, ಹೋಗಿ ಬಂದು ಫೋನು ಮಾಡುತ್ತಾಳೆ. "ಇನ್ನೊಂದ್ ಸೀಸೆ ಯಾವಾಗತ್ತಿಗೆ?" ಎಂದು ಪ್ರತಿ ಸಲ ಕೇಳುತ್ತಾಳೆ. "ನೋಡಣ," ಎನ್ನುತ್ತೇನೆ. ಇಲ್ಲವೆಂದರೆ ಮುಂದಿನ ತಿಂಗಳು ತುಮಕೂರು ತಪ್ಪೀತು ಎಂಬ ಭಯ, ಹೌದೆನ್ನಲು ಇರುವುದೇನು?

ಹೋದ ವಾರ ನಾದಿನಿಯ ಮನೆಗೆ ಹೋಗಲೇಬೇಕಾಗಿ ಬಂತು. ಚಾಪೆಯ ಮೇಲೆ ಕೂರಲು ಬಿಡದೆ ಕುರ್ಚಿ ಹಾಕಿದರು. ಬಾಳೆಹಣ್ಣು, ಬಟ್ಟಲಲ್ಲಿ ಸಕ್ಕರೆ ತಂದಿಟ್ಟರು. ಒಳಗಿನಿಂದ ಮಗು ಬಂತು. ನನ್ನ ಎದುರಿಗೆ ನಿಂತು, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಮಾಡಿ, ಬಾಯಿ ತೆರೆಯಿತು.

"ಏನು ಕಂದಾ?" ಎಂದೆ.

"ಹಾಕು ಅತ್ತೆ," ಎಂದು ಮತ್ತೆ ಬಾಯಿ ತೆರೆಯಿತು.

ನಾದಿನಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಅವಳ ಅತ್ತೆಯೂ ನೋಡುತ್ತಿದ್ದರು. ನಾನು ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಮಗುವಿನ ನಾಲಿಗೆಯ ಮೇಲೆ ಹಾಕಿದೆ. ಅದು ಬಾಯಿ ಮುಚ್ಚಿಕೊಂಡಿತು. ಅಗಿಯಲಿಲ್ಲ, ನುಂಗಲಿಲ್ಲ. ಕರಗಿಬಿಟ್ಟೀತೆಂದು ಜೋಪಾನ ಮಾಡುವವಳಂತೆ ಬಿಗಿಯಾಗಿ ಇಟ್ಟುಕೊಂಡು, ತೋಳು ಮುಂದೆ ಚಾಚಿ, ಮೊಣಕೈ ಮಡಿಕೆಯಲ್ಲಿದ್ದ ಕಪ್ಪು ಕಲೆ ತೋರಿಸಿತು.

"ಇನ್ ಚುಚ್ಚಲ್ಲ ಅಲ್ವಾ ಅತ್ತೆ?"

ಮಗು ಔಷಧಿಗೆ ಬಾಯಿ ತೆರೆದದ್ದು ಯಾತಕ್ಕೆಂದು ಆಗ ತಿಳಿಯಿತು. ಅದರ ತಾಯಿಗೆ ಹೇಳಿದ ಸುಳ್ಳನ್ನು ಇದಕ್ಕೂ ಹೇಳಲು ನನ್ನಿಂದಾಗಲಿಲ್ಲ.

"ಚುಚ್ತಾರೆ ಕಂದಾ," ಎಂದೆ.

ಮಗು ನನ್ನನ್ನೇ ನೋಡಿತು. ಆಮೇಲೆ ಬಾಯಲ್ಲಿದ್ದ ಸಕ್ಕರೆಯನ್ನು ಅಂಗೈಗೆ ಉಗಿದುಕೊಂಡು, ನನ್ನ ಬೆರಳುಗಳನ್ನು ಬಿಡಿಸಿ, ನನ್ನ ಕೈಗೆ ಹಾಕಿ ಒಳಗೆ ಹೋಯಿತು.